ಎರಡು ಕೈ, ಒಂದು ಗಂಟಲು

ಜೂನ್ ೪

ಅಕ್ಕಾ,

ಮೊದಲೇ ಹೇಳ್ಬಿಡ್ತೀನಿ, ನಿನ್ನ ಮಗಳು, ನಮ್ಮ ಬುಗುರಿ, ಚೆನ್ನಾಗಿದಾಳೆ. ನನ್ನ ಪಕ್ಕದಲ್ಲೇ ಮಲಗಿದಾಳೆ, ಎರಡು ಕಾಲೂ ನನ್ನ ಹೊಟ್ಟೆ ಮೇಲೆ. ಹೋದ ವಾರ ಒಂದು ಕಡಲೆಬೀಜ ಅನ್ನದ ದಾರಿ ಬಿಟ್ಟು ಉಸಿರಿನ ದಾರೀಲಿ ಹೋಗಿತ್ತು. ಆಸ್ಪತ್ರೇಲಿ ತೆಗೆಸಿದ್ವಿ. ಮುಗೀತು.

ಫೋನ್ ಮಾಡ್ದೆ. ನಿಮ್ಮ ಹೋಟೆಲ್ ಲಾಂಡ್ರಿ ಮೇಸ್ತ್ರಿ ಎತ್ತಿ "ಕೆಲಸದ ಹೊತ್ತಲ್ಲಿ ಯಾರನ್ನೂ ಕರೆಯಲ್ಲ" ಅಂತ ಇಟ್ಟ. ಆಮೇಲೆ ಮಾಡಿದ್ರೂ ಅದೇ ರಾಗ. ಅದಕ್ಕೇ ಕಾಗದ. ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಬೆನ್ನು ಹಾಕಿದೋನು, ಅಡ್ಡಾದಿಡ್ಡಿ ಇದ್ರೆ ನೀನೇ ನೆಟ್ಟಗೆ ಮಾಡ್ಕೊಂಡು ಓದು.

ಆಗಿದ್ದಿಷ್ಟು. ನಾನು ಶೆಡ್ಡಲ್ಲಿ ಲಾರಿ ತೊಳೀತಿದ್ದೆ. ಮನೇಲಿ ಅಮ್ಮ ಕಡಲೆಬೀಜ ಸುಲೀತಾ ಕೂತಿದ್ಲು. ಬುಗುರಿ ಒಂದು ಬೀಜ ಬಾಯಿಗೆ ಹಾಕ್ಕೊಂಡು, ಅಮ್ಮನ ಮುಖ ನೋಡಿ ಕಿಸಕ್ ಅಂತ ನಕ್ಕಳಂತೆ. ನಗ್ತಾ ಉಸಿರು ಎಳ್ಕೊಂಡಿದ್ದಕ್ಕೆ ಬೀಜಾನೂ ಜೊತೇಲೇ ಹೋಯ್ತು. ಕೆಮ್ಮಿದ್ಲು, ನೀಲಿ ಆದ್ಲು, ಆಮೇಲೆ ಸರಿ ಹೋದ್ಲು. ಆದ್ರೆ ರಾತ್ರಿ ಎಲ್ಲಾ ಎದೇಲಿ ಪೀಪಿ ಊದೋ ಸದ್ದು. ಬೆಳಿಗ್ಗೆ ಎತ್ಕೊಂಡು ಓಡಿದೆ.

ಅಲ್ಲಿ ಒಬ್ಬ ಕಿವಿ-ಮೂಗು-ಗಂಟಲು ಡಾಕ್ಟರ್ ಇದಾನೆ. ಅವನು ಬರೋಕ್ಕಿಂತ ಮುಂಚೆ ಅವನ ಸೆಂಟು ಬರುತ್ತೆ. ನಾನು ಅವನಿಗೆ ಸೆಂಟು ಡಾಕ್ಟರ್ ಅಂತಾನೇ ಹೆಸರಿಟ್ಟಿದೀನಿ. ಆಪರೇಷನ್ ರೂಮಿನ ಹೊರಗೆ ಒಂದು ಚಿಕ್ಕ ರೂಮು. ಬುಗುರಿ ನನ್ನ ತೊಡೆ ಮೇಲೆ. ಅವನು ಬಂದು "ಬಾಯಿ ತೆಗಿ ಚಿನ್ನ" ಅಂತ ಒಂದು ಬಾಟಲಿಯಿಂದ ಪುಸ್ ಪುಸ್ ಅಂತ ಹೊಡೆದ. ಬಾಳೆಹಣ್ಣಿನ ವಾಸನೆ. ನಿನ್ನ ಮಗಳು ತುಟಿ ನೆಕ್ಕೊಂಡು "ಬಾಳೆ, ಬಾಳೆ" ಅಂತ ಗುಬ್ಬಿಮರಿ ಥರ ಬಾಯಿ ತೆರೆದು ಕೂತ್ಲು. ಅವನಿಗೆ ಖುಷಿಯೋ ಖುಷಿ. ಮತ್ತೆ ಹೊಡೆದ, ಇನ್ನೂ ಹೊಡೆದ. "ನೋಡಪ್ಪಾ, ನನ್ನ ಪೇಷಂಟ್‌ಗಳು ಇನ್ನೂ ಬೇಕು ಅಂತಾರೆ" ಅಂದ. ನಾನೂ ನಕ್ಕೆ.

ಆಮೇಲೆ ಮತ್ತು ಕೊಡೋ ಡಾಕ್ಟರಮ್ಮ ಬಂದು ಒಳಗೆ ಎತ್ಕೊಂಡು ಹೋದ್ರು. ದೀಪ ಇರೋ ಕೊಳವೆ ಇಳಿಸಿ ಬೀಜ ತೆಗೆದ್ರು. ಸುಸ್ತಾಗಿದಾಳೆ ಅಂತ ಎರಡು ದಿನ ಜಾಸ್ತಿ ಇಟ್ಕೊಂಡ್ರು. ಈಗ ಮನೇಲಿದೀವಿ.

ಚಿಂತೆ ಮಾಡ್ಬೇಡ. ಭಾವಂಗೂ ಹೇಳು.

ನಿನ್ನ ತಮ್ಮ

*

ಜೂನ್ ೧೧

ತಮ್ಮಾ,

ನಿನ್ನ ಕಾಗದ ಬಂತು. ಎರಡು ಸಲ ಓದ್ದೆ. ಬೀಜ ಸಿಕ್ಕಿಕೊಂಡಿದ್ದಕ್ಕಿಂತ ನಿನ್ನ ಕಾಗದಕ್ಕೇ ನಂಗೆ ಭಯ ಆಯ್ತು ಕಣೋ. ಅದ್ರಲ್ಲಿ ಒಂದು ಬೈಗುಳಾನೂ ಇಲ್ಲ. ಬೀದಿ ನಲ್ಲೀಲಿ ನೀರು ಸಣ್ಣಗೆ ಬಂದ್ರೆ ನಲ್ಲಿ ತಾತನ ತನಕ ಬೈಯೋ ನೀನು, ಆಸ್ಪತ್ರೆಗೆ ಹೋಗಿ ಬಂದು "ಸುಸ್ತಾಗಿದಾಳೆ" ಅಂತ ಬರೀತೀಯ?

ನಮ್ಮ ಪಕ್ಕದ ಮನೆ ಡ್ರೈವರಣ್ಣ ಇಲ್ಲಿಗೆ ಲೋಡು ತಂದಿದ್ದ. ಹಾಲು ಕುಡೀತಾ, "ಪಾಪ, ಮಗೂಗೆ ಕೈಕಾಲು ಅದುರಿತಂತಲ್ಲ" ಅಂದ. ನಂಗೆ ಗೊತ್ತಿರೋ ಹಾಗೆ ತಲೆ ಆಡಿಸ್ದೆ. ನಿನ್ನ ಭಾವ ಅಲ್ಲೇ ಕೂತಿದ್ರು, ಏನು ಮಾಡ್ಲಿ?

ನಿಜ ಹೇಳು. ಒಂದು ಕೈ ಅದುರಿತಾ, ಎರಡೂನಾ? ಕಣ್ಣು ಮೇಲೆ ಹೋಯ್ತಾ? ಆವಾಗ ಮೈ ಬಿಸಿ ಇತ್ತಾ? ಆಮೇಲೆ ಎಷ್ಟು ಹೊತ್ತು ನಿದ್ದೆ ಮಾಡಿದ್ಲು? ನಿನ್ನ ಗುರುತು ಹಿಡಿದ್ಲಾ?

ಡಾಕ್ಟರ್‌ಗಳ ಜೊತೆ ಜಗಳ ಆಡ್ಬೇಡ. ಅವರು ಹೇಳಿದ ಹಾಗೆ ಕೇಳು. ಅಮ್ಮಂಗೂ ಬೈಬೇಡ, ಬೀಜ ಯಾರ ಕೈಯಿಂದ ಬಿದ್ರೂ ಬೀಜಾನೇ.

ಅಕ್ಕ

*

ಜೂನ್ ೧೭

ಅಕ್ಕಾ,

ಸರಿ. ಬೈಗುಳ ಬೇಕು ಅಂದ್ಯಲ್ಲ, ತಗೋ.

ನಾನು ಸುಳ್ಳು ಬರ್ದೆ. ಅಮ್ಮ ಕಣ್ಣೀರು ಹಾಕ್ಕೊಂಡು ಪಕ್ಕದಲ್ಲೇ ಕೂತಿದ್ಲು, "ಅವಳು ಅಲ್ಲಿ ಒಬ್ಳೇ ಅಳ್ತಾಳೆ, ಬರೀಬೇಡ್ವೋ" ಅಂತ. ಈ ಕಾಗದ ಶೆಡ್ಡಲ್ಲಿ ಕೂತು ಬರೀತಿದೀನಿ, ಗ್ರೀಸ್ ಅಂಟಿರುತ್ತೆ, ಅನುಸರಿಸ್ಕೋ.

ಬೀಜ ತೆಗೆದ್ರು, ನಿಜ. ನಾನು ಬಾಗಿಲ ಹತ್ರ ನಿಂತಿದ್ದೆ, ಅದ್ರಲ್ಲಿ ಒಂದು ದುಂಡನೆ ಗಾಜು ಇದೆ. ಒಳಗೆ ಎಲ್ಲಾ ಮುಗೀತು ಅಂತ ಕೈಗವಸು ಬಿಚ್ತಾ ಇದ್ರು. ಆವಾಗ ನಮ್ಮ ಬುಗುರಿ ಟೇಬಲ್ ಮೇಲೆ ಕುಣಿಯೋಕೆ ಶುರು ಮಾಡಿದ್ಲು. ಕುಣಿತ ಅಲ್ಲ ಅದು. ಎರಡು ಕೈ, ಎರಡು ಕಾಲು, ಬಾಯಲ್ಲಿ ನೊರೆ. ನೀರಿಂದ ತೆಗೆದ ಮೀನು ನೋಡಿದೀಯಲ್ಲ, ಹಾಗೆ. ಮತ್ತಿನ ಡಾಕ್ಟರಮ್ಮ ಕೂಗಿದ್ರು, ಯಾರೋ ಓಡಿದ್ರು, ಯಾರೋ ನನ್ನ ಮುಖದ ಮುಂದೆ ಗಾಜಿಗೆ ಬಟ್ಟೆ ಎಳೆದ್ರು. ನಾನು ಬಾಗಿಲು ಒದ್ದೆ. ಅದು ಎರಡೂ ಕಡೆ ಆಡೋ ಬಾಗಿಲು, ತಿರುಗಿ ಬಂದು ನನ್ನ ಮೂಗಿಗೇ ಹೊಡೀತು.

ಸುಮಾರು ಹೊತ್ತಾದ್ಮೇಲೆ ಒಳಗೆ ಬಿಟ್ರು. ಅವಳ ಕೈಗೆ ಹಾಲಿನಂಥ ಬೆಳ್ಳಗಿರೋ ಡ್ರಿಪ್ಪು. "ಹಾಲು ಯಾಕೆ ಕೈಗೆ ಬಿಡ್ತೀರಾ?" ಅಂದೆ. ಡಾಕ್ಟರಮ್ಮ, "ಅದು ಎಣ್ಣೆ ಥರದ ಮದ್ದು, ಮರಗಟ್ಟಿಸೋ ಔಷಧ ರಕ್ತದಲ್ಲಿ ಜಾಸ್ತಿ ಆಗಿದ್ರೆ ಅದನ್ನ ಹೀರ್ಕೊಳ್ಳುತ್ತೆ. ನಾನು ಕೊಟ್ಟಿದ್ದು ಮಿತಿ ಒಳಗೇ ಇದೆ, ಆದ್ರೂ ಹುಷಾರಿಗೆ ಹಾಕಿದೀನಿ" ಅಂದ್ರು. ಒಳ್ಳೆ ಹೆಂಗಸು ಅನ್ನಿಸ್ತು. ಆದ್ರೆ ಮಾರನೇ ದಿನ ಸೆಂಟು ಡಾಕ್ಟರ್ ಹಲ್ಲು ಕಿರಿದು ಬಂದ. "ಮಗೂಗೆ ಫಿಟ್ಸ್ ಕಾಯಿಲೆ ಇದೆ ಕಣಪ್ಪಾ. ಮೊದಲೇ ಇತ್ತು, ನಿಮಗೆ ಗೊತ್ತಿರ್ಲಿಲ್ಲ ಅಷ್ಟೇ. ಮನೇಲಿ ಯಾರಿಗಾದ್ರೂ ಇದೆಯಾ?" ನಾನು ಯಾರಿಗೂ ಇಲ್ಲ ಅಂದೆ. ಅಮ್ಮ ಕಿಟಕಿ ನೋಡ್ತಾ ಇದ್ಲು. ಅವನು ಅಮ್ಮನ್ನೇ ನೋಡ್ತಾ, "ಹೆಂಗಸರು ಹೇಳ್ಕೊಳ್ಳಲ್ಲ" ಅಂದ. ಅವನ ನಗು ನೋಡಿ ನಂಗೆ ವಾಕರಿಕೆ ಬಂತು ಅಕ್ಕಾ. ಲಾರಿ ಚಕ್ರದ ಸಂದೀಲಿ ಸತ್ತ ಇಲಿ ಕಿತ್ತು ತೆಗೆದಿದೀನಿ, ಆವಾಗ್ಲೂ ಹಾಗೆ ಬಂದಿರ್ಲಿಲ್ಲ.

ಈಗ ದಿನಕ್ಕೆ ಎರಡು ಸಲ ಒಂದು ಸಿರಪ್ಪು. ಅದನ್ನ ಕುಡಿದ್ರೆ ಬುಗುರಿ ಬುಗುರಿ ಅಲ್ಲ, ಹಿಂಡದೆ ಬಿಟ್ಟ ಬಟ್ಟೆ. ಗೋಡೆಗೆ ಒರಗಿಸಿದ್ರೆ ಒರಗಿದ ಕಡೆ ಇರ್ತಾಳೆ. "ಮಾಮ" ಅಂತ ಅರ್ಧ ಹೇಳಿ ಮರೀತಾಳೆ.

ಇನ್ನೊಂದು. ಕೆಮ್ಮು ಹೋಗಿಲ್ಲ. ಜ್ವರ ಬಂತು. ಮತ್ತೆ ಫೋಟೋ ತೆಗೆದು ನೋಡಿದ್ರೆ ಬೀಜದ ಒಂದು ಚೂರು ಇನ್ನೂ ಅಲ್ಲೇ ಇದೆಯಂತೆ, ಕೊಳೀತಾ ಇದೆಯಂತೆ. ಮೊದಲು ಮದ್ದು ಕೊಟ್ಟು ಎದೆ ಕೀವು ಒಣಗಿಸ್ತಾರೆ, ಆಮೇಲೆ ಅದೇ ಟೇಬಲ್, ಅದೇ ಕೊಳವೆ, ಅದೇ ಸೆಂಟು.

ನಾನು ಒಪ್ಪಲ್ಲ. ಬಿಟ್ರೆ ಚೂರು ಕೊಳೆಯುತ್ತೆ, ಹೋದ್ರೆ ಮತ್ತೆ ಅದೇ ಕುಣಿತ. ನೀನು ತಾಯಿ, ನೀನು ಹೇಳು.

ತಮ್ಮ

*

ಜೂನ್ ೨೪

ತಮ್ಮಾ,

ಸಿರಪ್ಪು ತಪ್ಪಿಸ್ಬೇಡ. ಡಾಕ್ಟರು ಕಾಯಿಲೆ ಅಂದ್ರೆ ಕಾಯಿಲೆ. ಅವರು ಓದಿದೋರು, ನಾವು ವಾದ ಮಾಡಿ ಏನು ಬಂತು. ಚೂರು ತೆಗೆಸು. ಒಪ್ಕೋ.

ಇನ್ಮೇಲೆ ಕಾಗದದಲ್ಲಿ ಆ ರೋಗದ ಹೆಸರು ಬರೀಬೇಡ. ಬಂದ ಕಾಗದ ಮೊದಲು ನಿನ್ನ ಭಾವನ ಕೈಗೆ ಹೋಗುತ್ತೆ. ಹೋದ ಸಲದ ನಿನ್ನ ಕಾಗದ ಅವರೇ ಓದಿ, ಮಡಚಿ, ನನ್ನ ದಿಂಬಿನ ಮೇಲಿಟ್ಟು ಕೆಲಸಕ್ಕೆ ಹೋದ್ರು.

ಮನೇಲಿ ಯಾರಿಗಾದ್ರೂ ಇದೆಯಾ ಅಂತ ಮತ್ತೆ ಕೇಳಿದ್ರೆ ಇಲ್ಲ ಅಂತಾನೇ ಹೇಳು. ಅಮ್ಮನ್ನ ಕೇಳ್ಬೇಡ.

ಇಲ್ಲಿ ಕೆಲಸ ಜಾಸ್ತಿ. ಹೆಚ್ಚು ಬರೆಯೋಕೆ ಆಗ್ತಿಲ್ಲ.

ಅಕ್ಕ

*

ಜೂನ್ ೨೯

ಅಕ್ಕಾ,

ನಿನ್ನ ಕಾಗದ ಓದಿ ಹರಿದು ಬಚ್ಚಲಿಗೆ ಹಾಕೋಣ ಅನ್ನಿಸ್ತು. "ಒಪ್ಕೋ." ಅಷ್ಟೇನಾ? ಅಲ್ಲಿ ಹೋಟೆಲ್ಲೋರ ಬೆಡ್‌ಶೀಟ್ ಇಸ್ತ್ರಿ ಮಾಡಿ ಮಾಡಿ ನಿನ್ನ ಬೆನ್ನುಮೂಳೇನೂ ಇಸ್ತ್ರಿ ಆಗಿದೆ. ಮಗು ಮೈಮೇಲೆ ಜ್ಞಾನ ಇಲ್ಲದೆ ಬಿದ್ದಿದ್ರೆ ನಿಂಗೆ ಭಾವ ಕಾಗದ ಓದಿದ್ದು ದೊಡ್ಡದಾ? ಭಾವ ಏನು, ಪರೀಕ್ಷೆ ಪೇಪರ್ ತಿದ್ದೋ ಮೇಷ್ಟ್ರಾ? ಓದ್ಲಿ. ಭಾವಾ, ಇದನ್ನ ನೀವೇ ಓದ್ತಿದ್ರೆ ನಮಸ್ಕಾರ. ಮುಂದಿಂದು ಗಟ್ಟಿಯಾಗಿ ಓದಿ, ಅಕ್ಕಂಗೂ ಕೇಳ್ಲಿ.

ಕಾಯಿಲೆ ಅಲ್ಲ ಅದು. ಕೇಳು.

ಮೊನ್ನೆ ಎದೆ ತೋರ್ಸೋಕೆ ಕರ್ಕೊಂಡು ಹೋಗಿದ್ದೆ. ಮತ್ತಿನ ಡಾಕ್ಟರಮ್ಮನೂ ಬಂದಿದ್ರು, ಎರಡನೇ ಸಲ ಮಲಗಿಸೋಕೆ ಮುಂಚೆ ನೋಡ್ಬೇಕು ಅಂತ. ಸ್ಟೆತಾಸ್ಕೋಪ್ ಇಟ್ಟು ಕೇಳ್ತಾ ಇದ್ರು. ಬುಗುರಿ ನನ್ನ ಹೆಗಲ ಮೇಲೆ ಸೋತು ಬಿದ್ದಿದ್ಲು. ಅಷ್ಟೊತ್ತಿಗೆ ಸೆಂಟು ಡಾಕ್ಟರ್ ಒಳಗೆ ಬಂದ. ಇವಳಿಗೆ ವಾಸನೆ ಹೊಡೀತೋ ಏನೋ, ತಲೆ ಎತ್ತಿದ್ಲು. ಅವನ್ನ ನೋಡಿ ಬಾಯಿ ಅಗಲ ತೆಗೆದು, "ಬಾಳೆ" ಅಂದ್ಲು.

ಡಾಕ್ಟರಮ್ಮ ನಕ್ಕು, "ಹಸಿವಾಗಿದೆಯಾ ಪುಟ್ಟಾ?" ಅಂದ್ರು.

"ಹಸಿವಲ್ಲ ಮೇಡಂ, ಸಾರ್ ಅವತ್ತು ಬಾಳೆಹಣ್ಣಿನ ವಾಸನೆದು ಬಾಯಿಗೆ ಹೊಡೆದಿದ್ರಲ್ಲ, ಅದು ಬೇಕಂತೆ" ಅಂದೆ. ಸುಮ್ಮನೆ ಹೇಳ್ದೆ ಕಣಕ್ಕಾ, ನಂಗೇನು ಗೊತ್ತು.

ಡಾಕ್ಟರಮ್ಮನ ನಗು ಹಾಗೇ ನಿಂತುಬಿಡ್ತು. "ಅವತ್ತು ಅಂದ್ರೆ? ಎಲ್ಲಿ?"

"ಹೊರಗಿನ ರೂಮಲ್ಲಿ. ನನ್ನ ತೊಡೆ ಮೇಲಿದ್ಲು."

ಅವರು ಸೆಂಟು ಡಾಕ್ಟರ್ ಕಡೆ ತಿರುಗಿದ್ರು. "ಸರ್, ನೀವು ಹೊರಗೆ ಸ್ಪ್ರೇ ಮಾಡಿದ್ರಾ?"

"ಓ ಅದಾ, ಯಾವಾಗ್ಲೂ ಮಾಡ್ತೀನಲ್ಲ. ನೋಡುವಾಗ ಓಕರಿಸ್ಬಾರ್ದು ಅಂತ."

"ನಂಗೆ ಹೇಳ್ಲಿಲ್ಲ."

"ಅದರಲ್ಲಿ ಹೇಳೋದೇನಿದೆ ಮೇಡಂ? ಬರೀ ಸ್ಪ್ರೇ ತಾನೆ."

"ಎಷ್ಟು ಸಲ ಒತ್ತಿದ್ರಿ?"

"ಅಯ್ಯೋ, ಯಾರು ಎಣಿಸ್ತಾರೆ? ಮಗು ಬಾಯಿ ತೆಗೀತು, ಹೊಡೆದೆ."

"ನಾನು ಒಳಗೆ ಅದನ್ನೇ ಹಾಕಿದೀನಿ ಸರ್. ಅದೇ ಮರಗಟ್ಟಿಸೋ ಔಷಧ. ಧ್ವನಿಪೆಟ್ಟಿಗೆ ಮೇಲೆ, ಕೆಳಗೆ ಉಸಿರುನಾಳಕ್ಕೆ, ಈ ತೂಕಕ್ಕೆ ಎಷ್ಟು ಹಾಕ್ಬಹುದೋ ಅಷ್ಟೂ ಹಾಕಿದೀನಿ."

"ಅದು ನಿಮ್ಮ ಲೆಕ್ಕ. ನಂದು ಬಾಯೊಳಗೆ, ನಾಲಿಗೆ ಮೇಲೆ. ಉಗುಳಿನ ಜೊತೆ ಹೋಗುತ್ತೆ."

ಆವಾಗ ಡಾಕ್ಟರಮ್ಮ ಹೇಳಿದ್ದು ನಂಗೆ ಅಕ್ಷರ ಅಕ್ಷರ ನೆನಪಿದೆ. "ಉಗುಳಿನ ಜೊತೆ ಎಲ್ಲಿಗೆ ಹೋಗುತ್ತೆ ಸರ್? ಒಳಗೇ. ಬಾಯಿ, ಗಂಟಲು, ಉಸಿರುನಾಳ ಎಲ್ಲಾ ಒದ್ದೆ ಚರ್ಮ. ಅಲ್ಲಿ ಬಿದ್ದಿದ್ದು ಸೂಜಿ ಚುಚ್ಚಿದ ಹಾಗೇ ರಕ್ತಕ್ಕೆ ಇಳಿಯುತ್ತೆ. ಹತ್ತು ಕೆಜಿ ಮಗೂಗೆ ಆ ಬಾಟಲಿ ಮೂರು ನಾಲ್ಕು ಸಲ ಒತ್ತಿದ್ರೆ ಮಿತಿ ಮುಗೀತು. ಆ ಮಿತಿ ಮಗೂದು. ನಿಮಗೊಂದು ಮಿತಿ, ನನಗೊಂದು ಮಿತಿ ಅಂತ ಇಲ್ಲ."

ಸೆಂಟು ಡಾಕ್ಟರ್ ನನ್ನ ಕಡೆ ನೋಡಿ, "ಮೇಡಂ, ಪೇಷಂಟ್ ಕಡೆಯೋರ ಮುಂದೆ ಇದೆಲ್ಲಾ..." ಅಂದ.

ನಾನಂದೆ, "ಪರವಾಗಿಲ್ಲ ಸಾರ್, ನಂಗೂ ಅರ್ಥ ಆಗ್ತಿದೆ. ಒಂದು ಗಂಟಲಿಗೆ ಇಬ್ಬರು ಹೊಡೆದಿದೀರಾ, ಒಬ್ಬರಿಗೊಬ್ಬರು ಹೇಳಿಲ್ಲ. ಆಮೇಲೆ ನಮ್ಮ ಮನೆ ರಕ್ತಾನೇ ಸರಿ ಇಲ್ಲ ಅಂದಿದೀರಾ."

"ಬಾಯಿ ಮೇಲೆ ಹಿಡಿತ ಇರ್ಲಿ ಕಣಯ್ಯಾ."

"ನನ್ನ ಬಾಯಿಗೂ ಪುಸ್ ಅಂತ ಹೊಡೀರಿ, ಮರಗಟ್ಟುತ್ತೆ."

ಅವನು ಬಾಗಿಲು ಬಡಿದು ಹೋದ. ಸೆಂಟು ಮಾತ್ರ ಅಲ್ಲೇ ಉಳೀತು. ನಾನು ಕಿಟಕಿ ತೆಗೆದೆ.

ಡಾಕ್ಟರಮ್ಮ ಸ್ಟೂಲ್ ಮೇಲೆ ಕೂತ್ಕೊಂಡ್ರು. ಅವರ ತುಟಿ ಒಣಗಿತ್ತು. "ನನ್ನ ಪಾಲು ಮಿತಿ ಒಳಗಿದೆ ಅಂತ ನಾನು ಸುಮ್ಮನಾದೆ. ಬೇರೆ ಯಾರಾದ್ರೂ ಕೊಟ್ರಾ ಅಂತ ಕೇಳ್ಲಿಲ್ಲ. ಕೇಳ್ಬೇಕಿತ್ತು. ತಪ್ಪಾಯ್ತು" ಅಂದ್ರು. ನಂಗೆ, ಇಪ್ಪತ್ತು ವರ್ಷದ ಲಾರಿ ತೊಳೆಯೋನಿಗೆ. ಬೈಯೋಕೆ ಬಾಯಿ ತೆಗೆದೆ, ಬರ್ಲಿಲ್ಲ. ಅದಕ್ಕೂ ಸಿಟ್ಟು ಬಂತು. ತಪ್ಪು ಮಾಡಿದೋರು ತಪ್ಪಾಯ್ತು ಅಂದುಬಿಟ್ರೆ ನಮ್ಮಂಥೋರು ಕೈ ಎಲ್ಲಿ ಇಟ್ಕೋಬೇಕು?

ಆಮೇಲೆ ಅವರು ಒಂದು ಮಾತು ಕೇಳಿದ್ರು. "ಔಷಧದಿಂದ ಆಗಿದ್ದು ಅಂತಾನೇ ನನ್ನ ಅಂದಾಜು. ಆದ್ರೆ ಸಿರಪ್ಪು ನಿಲ್ಲಿಸ್ಬೇಕು ಅಂದ್ರೆ, ಮತ್ತೆ ಮಲಗಿಸ್ಬೇಕು ಅಂದ್ರೆ, ನಂಗೆ ನಿಜ ಗೊತ್ತಿರ್ಬೇಕು. ನಿಮ್ಮ ಮನೇಲಿ ಯಾರಿಗಾದ್ರೂ, ಚಿಕ್ಕ ವಯಸ್ಸಲ್ಲಾದ್ರೂ, ಹೀಗೆ ಆಗಿತ್ತಾ? ಇದ್ರೆ ಅವಮಾನ ಏನಿಲ್ಲ. ಆದ್ರೆ ಮುಚ್ಚಿಟ್ರೆ ನಾನು ಮತ್ತೆ ಕಣ್ಣು ಕಟ್ಕೊಂಡು ಕೆಲಸ ಮಾಡ್ದಂಗಾಗುತ್ತೆ."

ಮನೆಗೆ ಬಂದು ಅಮ್ಮನ್ನ ಕೇಳ್ದೆ. ನೀನು ಬೇಡ ಅಂದಿದ್ದೆ, ಆದ್ರೂ ಕೇಳ್ದೆ. ಅಮ್ಮ ತಟ್ಟೆ ತೊಳೀತಿದ್ಲು. ತೊಳೆದ ತಟ್ಟೇನೇ ಮತ್ತೆ ತೊಳೆದ್ಲು. "ನಿಮ್ಮಕ್ಕನ್ನ ಕೇಳು" ಅಂದ್ಲು.

ಕೇಳ್ತಿದೀನಿ. ಏನದು? ಎಲ್ಲರೂ ಸೇರಿ ಏನು ಮುಚ್ಚಿಟ್ಟಿದೀರಾ? ಆಸ್ಪತ್ರೇಲಿ ಆ ಇಬ್ಬರು ಒಬ್ಬರಿಗೊಬ್ಬರು ಹೇಳ್ದೆ ಮಗೂನ ಕೊಲ್ಲೋಕೆ ಹೋಗಿದ್ರು. ನೀನೂ ಅಮ್ಮನೂ ಮಾಡ್ತಿರೋದು ಅದಕ್ಕಿಂತ ಬೇರೆ ಏನು?

ತಮ್ಮ

*

ಜುಲೈ ೬

ತಮ್ಮಾ,

ನಿನ್ನ ಕೊನೇ ಸಾಲು ಓದಿ ಕೆನ್ನೆಗೆ ಹೊಡೆಸ್ಕೊಂಡ ಹಾಗಾಯ್ತು. ಹೊಡೆದಿದ್ದು ಸರಿ.

ನಂಗಿತ್ತು. ನೀನಿನ್ನೂ ಹುಟ್ಟಿರ್ಲಿಲ್ಲ. ಜ್ವರ ಏರಿದಾಗ ಕೈಕಾಲು ಸೆಟೆದು ಅದುರ್ತಿತ್ತಂತೆ, ಎರಡು ಸಲ. ಒಂದು ಸಲ ಅಮ್ಮ ನಾನು ಸತ್ತೇ ಹೋದೆ ಅಂತ ನೆಲಕ್ಕೆ ಮಲಗಿಸಿ ಎದೆ ಬಡ್ಕೊಂಡ್ಲಂತೆ. ಸ್ಕೂಲಿಗೆ ಸೇರೋ ಹೊತ್ತಿಗೆ ನಿಂತುಹೋಯ್ತು. ಆಮೇಲೆ ಇವತ್ತಿನ ತನಕ ಇಲ್ಲ. ಮದುವೆ ಮಾತು ಬಂದಾಗ ಅಮ್ಮ ನನ್ನ ಅಡುಗೆಮನೆಗೆ ಎಳ್ಕೊಂಡು ಹೋಗಿ, "ಈ ವಿಷಯ ನಿನ್ನ ಹಲ್ಲು ದಾಟ್ಬಾರ್ದು" ಅಂದ್ಲು. ದಾಟ್ಲಿಲ್ಲ.

ಡ್ರೈವರಣ್ಣ ಅದುರಿತು ಅಂದಾಗ್ಲೇ ನಂಗೆ ಅನ್ನಿಸ್ತು, ನನ್ನ ಮಗೂಗೆ ನಾನೇ ಕೊಟ್ಟುಬಿಟ್ಟೆ ಅಂತ. ಕಣ್ಣು, ಮೂಗು ಅವರಪ್ಪಂದು. ನನ್ನದು ಅಂತ ಬಂದಿದ್ದು ಇದೊಂದೇ ಅಂತ. ಅದಕ್ಕೇ ಒಪ್ಕೋ ಅಂದೆ. ಡಾಕ್ಟರು ಕಾಯಿಲೆ ಅಂದಿದ್ದು ನಂಗೆ ಸುಳ್ಳು ಅನ್ನಿಸ್ಲೇ ಇಲ್ಲ ಕಣೋ. ಅವನು ನನ್ನನ್ನೇ ನೋಡಿ ಹೇಳಿದ ಹಾಗಿತ್ತು.

ಇನ್ನೊಂದು ಹೇಳ್ತೀನಿ, ನಗ್ಬೇಡ, ಬೈಯೋದಾದ್ರೆ ಬೈ. ಇಬ್ಬರು ಹೊಡೆದ ವಿಷಯ ಓದಿದಾಗ ಮೊದಲು ಬಂದಿದ್ದು ಸಿಟ್ಟಲ್ಲ. ಸಮಾಧಾನ. ನನ್ನ ರಕ್ತದಿಂದ ಅಲ್ಲ, ಮದ್ದಿಂದ ಅಂತ. ಹೆತ್ತ ಮಗೂಗೆ ವಿಷ ಏರಿತ್ತು ಅಂತ ಓದಿ ಎದೆ ಹಗುರ ಆಯ್ತು ನಂಗೆ. ಬಾತ್‌ರೂಮಿಗೆ ಹೋಗಿ ಕನ್ನಡಿ ನೋಡ್ಕೊಂಡೆ. ನನ್ನ ಮುಖ ನಂಗೇ ಹೇಸಿಗೆ ಆಯ್ತು.

ನಿನ್ನ ಭಾವಂಗೆ ಹೇಳ್ದೆ. ನಿನ್ನ ಕಾಗದ ಅವರೇ ಓದಿದ್ರಲ್ಲ, "ಭಾವಾ ನಮಸ್ಕಾರ" ಅನ್ನೋ ತನಕ ಓದಿ ನನ್ನ ಕೈಗೆ ಕೊಟ್ಟು, "ಮುಂದಿಂದು ನೀನೇ ಗಟ್ಟಿಯಾಗಿ ಓದು" ಅಂದ್ರು. ಓದ್ದೆ. ಮುಗಿಸಿ, ಹೌದು, ನಂಗಿತ್ತು ಅಂದೆ. ಅವರು ಕಾಗದ ಇಸ್ಕೊಂಡು ಮಡಚಿಟ್ರು. ಆಮೇಲೆ ಎದ್ದು, "ಇಷ್ಟು ವರ್ಷ ಪಕ್ಕದಲ್ಲಿ ಮಲಗಿದೀನಿ, ನಂಗೆ ಹೇಳ್ಬಹುದಿತ್ತು" ಅಂತ ಹೊರಗೆ ಹೋದ್ರು. ಬೆಳಿಗ್ಗೆ ಬಂದ್ರು. ಸಿಟ್ಟು ಇದೆ. ಅದು ಇರ್ಲಿ, ಅದು ನನ್ನ ಪಾಲಿಂದು.

ಈಗ ತಾಯಿಯಾಗಿ ಹೇಳ್ತೀನಿ, ಕೇಳು. ಡಾಕ್ಟರಮ್ಮಂಗೆ ಎಲ್ಲಾ ಹೇಳು. ಜ್ವರಕ್ಕೆ ಬರ್ತಿತ್ತು, ಎರಡೇ ಸಲ, ಸ್ಕೂಲಿಗೆ ಮುಂಚೆ ನಿಂತಿತು. ಒಂದಕ್ಷರ ಬಿಡ್ಬೇಡ. ಮತ್ತೆ ಆ ಚೂರು ತೆಗೆಸು. ಮದ್ದು ಆ ಡಾಕ್ಟರಮ್ಮನ ಕೈಯಲ್ಲೇ ಆಗ್ಲಿ. ತಪ್ಪಾಯ್ತು ಅಂದೋರು ಎರಡನೇ ಸಲ ಎಣಿಸ್ತಾರೆ.

ಒಳಗೆ ಹೋಗೋ ಬಾಗಿಲ ತನಕ ಮಗೂನ ನಿನ್ನ ತೊಡೆ ಬಿಟ್ಟು ಇಳಿಸ್ಬೇಡ. ಯಾರು ಬಾಯಿ ತೆಗಿ ಅಂದ್ರೂ ತೆಗೆಸ್ಬೇಡ.

ಅಕ್ಕ

*

ಜುಲೈ ೧೫

ಅಕ್ಕಾ,

ತೆಗೆದ್ರು. ಈ ಸಲ ಸುಳ್ಳಲ್ಲ, ಎಲ್ಲಾ ಬರೀತೀನಿ.

ನಿನ್ನ ವಿಷಯ ಹೇಳ್ದೆ. ಡಾಕ್ಟರಮ್ಮ ಮಕ್ಕಳ ಡಾಕ್ಟರನ್ನೂ ಕರೆಸಿ ಕೂರಿಸ್ಕೊಂಡು ಕೇಳಿದ್ರು. ಜ್ವರಕ್ಕೆ ಅದುರೋದು ಎಷ್ಟೋ ಮಕ್ಕಳಿಗೆ ಆಗುತ್ತಂತೆ, ಅದು ಕಾಯಿಲೆ ಅಲ್ಲ, ನಿನ್ನ ಮಗಳಿಗೆ ಆವತ್ತು ಜ್ವರಾನೂ ಇರ್ಲಿಲ್ಲ, ಅದುರಿದ್ದು ಮದ್ದಿಂದಾನೇ ಅಂದ್ರು. ಸಿರಪ್ಪು ನಿಧಾನಕ್ಕೆ ಕಮ್ಮಿ ಮಾಡಿಸ್ತಿದಾರೆ. ಮೂರನೇ ದಿನಕ್ಕೇ ಬುಗುರಿ ನನ್ನ ಚಪ್ಪಲಿ ತಗೊಂಡು ಹೋಗಿ ಬಚ್ಚಲಿಗೆ ಹಾಕಿದ್ಲು. ಅಮ್ಮ ಅಳ್ತಾ ನಕ್ಕಳು. ಅಮ್ಮಂಗೆ ನಾನು ಬೈದೆ, ಸುಳ್ಳು ಹೇಳಲ್ಲ. ಮಗಳ ಮದುವೆಗೆ ಮುಚ್ಚಿಟ್ಟಿದ್ದು ಮೊಮ್ಮಗಳ ಕುತ್ತಿಗೆಗೆ ಬರ್ತಿತ್ತು ಅಂದೆ. "ಆವಾಗ ನಿಮ್ಮಪ್ಪ ಬದುಕಿದ್ರೆ ಹೇಳ್ತಿದ್ದೆ, ಒಬ್ಳೇ ಹೆಂಗಸು ಏನು ಮಾಡ್ಲಿ" ಅಂದ್ಲು. ನಾನು ಬಚ್ಚಲಿಂದ ಚಪ್ಪಲಿ ತೆಗೆಯೋಕೆ ಹೋದೆ.

ಬೆಳಿಗ್ಗೆ ಹೋದ್ವಿ. ಡಾಕ್ಟರಮ್ಮ ಬುಗುರಿ ಬಟ್ಟೆ ಬಿಚ್ಚಿಸಿ ತಾವೇ ತೂಕ ಮಾಡಿದ್ರು. ಹೊರಗಿನ ಚಿಕ್ಕ ರೂಮಲ್ಲಿ ನಾನು ಕೂತಿದ್ದೆ, ಇವಳನ್ನ ಎರಡು ಕೈಯಲ್ಲಿ ಅವಚಿ ಹಿಡ್ಕೊಂಡು. ಸೆಂಟು ಬಂತು. ಹಿಂದೆ ಅವನು. "ಏನಪ್ಪಾ, ಮಗು ಕಚ್ಚುತ್ತಾ?" ಅಂದ.

"ಮಗು ಕಚ್ಚಲ್ಲ ಸಾರ್."

ಅರ್ಥ ಆಯ್ತು ಅನ್ಸುತ್ತೆ. ಜೇಬಿಗೆ ಕೈ ಹಾಕ್ಕೊಂಡು ಒಳಗೆ ಹೋದ.

ಒಳಗಿಂದು ಡಾಕ್ಟರಮ್ಮ ಆಮೇಲೆ ಹೇಳಿದ್ರು. ಶುರು ಮಾಡೋಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ, ಈ ಮಗೂಗೆ ಯಾರಾದ್ರೂ ಏನಾದ್ರೂ ಕೊಟ್ಟಿದೀರಾ ಅಂತ ಒಬ್ಬೊಬ್ಬರನ್ನೇ ಕೇಳಿದ್ರಂತೆ. ಬಾಟಲಿ ಬಿಟ್ಟು ಮದ್ದನ್ನ ಸಿರಿಂಜಿಗೆ ಅಳೆದು ತುಂಬಿದ್ರಂತೆ, ಮಿತಿಗಿಂತ ಕಮ್ಮಿ. ಈ ಸಲ ಹಾಕಿದ್ದು ಅವರ ಕೈ ಒಂದೇ. ಹಾಕೋವಾಗ ಗಟ್ಟಿಯಾಗಿ ಹೇಳೋದು, ನರ್ಸು ತಿರುಗಿ ಹೇಳೋದು. ಸೆಂಟು ಡಾಕ್ಟರ್ "ಸ್ಕೂಲಲ್ಲಿ ಮಗ್ಗಿ ಹೇಳಿದ ಹಾಗಿದೆ" ಅಂದನಂತೆ. ಇಂಥೋನ ಕೈಗೇ ಕೊಳವೆ ಕೊಡ್ಬೇಕಾಯ್ತಲ್ಲ ಅಂತ ಬೈಕೊಂಡೆ. ಆದ್ರೆ ಚೂರು ತೆಗೆದಿದ್ದು ಅವನೇ, ಅದನ್ನೂ ಬರೀಬೇಕು. ಒಂದು ಬಟ್ಟಲಲ್ಲಿ ತಂದು ತೋರ್ಸಿದ. ಕಂದು ಬಣ್ಣ, ಲೋಳೆ, ನಾರ್ತಿತ್ತು. ಇಷ್ಟು ದಿನ ಮಗು ಇದನ್ನ ಎದೇಲಿಟ್ಕೊಂಡು ಉಸಿರಾಡಿದ್ಲು. "ನೋಡಿದ್ಯಾ, ಏನೂ ಆಗ್ಲಿಲ್ಲ, ಸುಮ್ಮನೆ ಗಲಾಟೆ ಮಾಡಿದ್ರಿ" ಅಂದ. ತಪ್ಪಾಯ್ತು ಅನ್ನೋ ಮಾತು ಅವನ ಬಾಯಲ್ಲಿ ಹುಟ್ಟೋದೇ ಇಲ್ಲ ಅಕ್ಕಾ. ಅಲ್ಲಿ ಪೂರ್ತಿ ಮರಗಟ್ಟಿದೆ.

ಇವಳು ಎದ್ದಳು. ಅದುರ್ಲಿಲ್ಲ. ನನ್ನ ನೋಡಿದ್ಲು, "ಮಾಮ" ಅಂದ್ಲು, ಪೂರ್ತಿ. ಆಮೇಲೆ "ನೀರು" ಅಂದ್ಲು.

ಅಲ್ಲಿಂದ ಶುರು ನನ್ನ ಗ್ರಹಚಾರ. ಡಾಕ್ಟರಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ರು, "ಗಂಟಲು ಇನ್ನೂ ಮರಗಟ್ಟಿದೆ. ಈಗ ನೀರು ಕೊಟ್ರೆ ಅದೂ ಬೀಜ ಹೋದ ದಾರೀಲೇ ಹೋಗುತ್ತೆ, ಅವಳಿಗೆ ಕೆಮ್ಮಬೇಕು ಅನ್ನೋದೂ ಗೊತ್ತಾಗಲ್ಲ. ಎರಡು ಗಂಟೆ ಒಂದು ಹನೀನೂ ಬೇಡ. ನಾನು ಬಂದು ನೋಡಿ ಹೇಳ್ತೀನಿ."

ಎರಡು ಗಂಟೆ! ಬೆಳಿಗ್ಗೆಯಿಂದ ಹೊಟ್ಟೇಲಿ ಏನಿಲ್ಲ. ಜೊಲ್ಲು ಸುರೀತಾ ಇದೆ, ನುಂಗೋಕೆ ಬರಲ್ಲ, ನನ್ನ ಶರ್ಟಿನ ತುಂಬ. ನೀರು, ನೀರು, ನೀರು. ಪಕ್ಕದ ಮಂಚದೋರೆಲ್ಲಾ ನನ್ನ ರಾಕ್ಷಸನ್ನ ನೋಡಿದ ಹಾಗೆ ನೋಡ್ತಿದ್ರು. ಒಬ್ಬ ಅಜ್ಜಿ, "ಕಲ್ಲು ಹೃದಯ ಕಣಯ್ಯಾ ನಿಂದು" ಅಂದ್ಲು. ಅಮ್ಮ ಚೀಲದೊಳಗೆ ಕೈ ಹಾಕಿದ್ಲು. ಹಾಲಿನ ಬಾಟಲಿ! ಕಿತ್ಕೊಂಡೆ. "ಒಂದು ಗುಟುಕು ಕಣೋ, ಒಂದೇ ಗುಟುಕು." ಒಂದು ಬೀಜದಿಂದ ಇಲ್ಲಿಗೆ ಬಂದಿದೀವಿ ಅಮ್ಮಾ, ಒಂದೇ ಅನ್ನೋ ಮಾತು ಎತ್ತಬೇಡ ಅಂದೆ. ಅಷ್ಟೊತ್ತಿಗೆ ಸೆಂಟು ಡಾಕ್ಟರ್ ಆ ದಾರೀಲಿ ಹೋಗ್ತಾ, "ಒಂದು ಚಮಚ ಕೊಡ್ರೀ, ಮಗು ಪಾಪ" ಅಂದ. ನಾನು ಎದ್ದು ನಿಂತೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಹಾಲಿನ ಬಾಟಲಿ. ನಾಲಿಗೆ ತುದಿಗೆ ಬಂದಿದ್ದನ್ನ ನುಂಗಿದೆ. ನಂಗೆ ನುಂಗೋಕೆ ಬರುತ್ತಲ್ಲ. ಅವನಿಗೆ ಬೆನ್ನು ತಿರುಗಿಸಿ ಕಿಟಕಿ ಹತ್ರ ಹೋದೆ.

ಬುಗುರಿ ನನ್ನ ಕೂದಲು ಕಿತ್ತಳು. 'ಹೋಗು' ಅಂದ್ಲು. ಮೂಗು ಕಚ್ಚಿದ್ಲು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಅತ್ತಳು ಅಕ್ಕಾ, ನೀನೂನಾ ಅನ್ನೋ ಹಾಗೆ. ಇಡೀ ಆಸ್ಪತ್ರೇಲಿ ಅವಳಿಗೆ ಇದ್ದೋನು ನಾನೊಬ್ಬ, ನಾನೇ ವೈರಿ ಆದೆ. ಆ ಎರಡು ಗಂಟೆ ನಂಗೆ ನನ್ನ ಮೇಲೇ ಅಸಹ್ಯ ಆಗಿತ್ತು. ಆದ್ರೆ ಹನಿ ಕೊಡ್ಲಿಲ್ಲ.

ಕೊನೆಗೆ ಅಳೋದು ನಿಲ್ಲಿಸಿದ್ಲು. ನನ್ನ ಮುಖಾನೇ ನೋಡ್ತಾ ಕೆನ್ನೆ ಉಬ್ಬಿಸಿದ್ಲು. ನಾನು ಏನೋ ಆಗ್ತಿದೆ ಅಂತ ಹೆದರಿ ಡಾಕ್ಟರಮ್ಮನ್ನ ಕೂಗ್ಬೇಕು ಅನ್ನೋಷ್ಟರಲ್ಲಿ, ಎಲ್ಲಾ ಶಕ್ತಿ ಒಟ್ಟು ಮಾಡಿ ನನ್ನ ಮುಖಕ್ಕೆ ಥೂ ಅಂತ ಉಗಿದ್ಲು. ಜೊಲ್ಲಲ್ಲ ಅಕ್ಕಾ. ಉಗುಳು. ನೆಟ್ಟಗೆ, ಗುರಿ ಇಟ್ಟು, ಎರಡು ಹುಬ್ಬಿನ ಮಧ್ಯಕ್ಕೆ. ಮರಗಟ್ಟಿದ ಬಾಯಿಗೆ ಹಾಗೆ ಉಗಿಯೋಕೆ ಬರಲ್ಲ.

ಅಮ್ಮ ಒರೆಸೋಕೆ ಬಟ್ಟೆ ತಂದ್ಲು. ನಾನು ಅವಳ ಕೈ ತಳ್ಳಿದೆ. "ಇನ್ನೊಂದ್ಸಲ ಉಗಿ ನನ್ನವ್ವಾ" ಅಂದೆ, "ಡಾಕ್ಟರಮ್ಮ ಬರ್ತಿದಾರೆ, ಅವರೂ ನೋಡ್ಲಿ."

ತಮ್ಮ